ಪ್ರತ್ಯಯವಿವೇಕ ಮತ್ತು ಪಾಠನಿರ್ಣಯ

ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಚಟ್ಟಲದೇವಿಯು ಕ್ರಿ.ಶ. 1077ರಲ್ಲಿ ಮಾಡಿಸಿದ ಪಂಚಕೂಟ ಬಸದಿಯು ‘ಉರ್ವೀತಿಲಕ’ವೆಂದು ಪ್ರಸಿದ್ಧವಾಗಿದೆ. ಅಲ್ಲಿಯ ಶಾಸನಗಳು ಸಾಗರ, ತೀರ್ಥಹಳ್ಳಿಗಳ ಶಾಸನಗಳೊಡನೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ (1904) ಅಚ್ಚಾದವು. ಈ ಬಗೆಯ ಶಾಸನಗಳಲ್ಲಿ ದೀರ್ಘಪದಗಳು ಎರಡು ತೆರನಾಗಿವೆ: ಬಿರುದಾವಳಿಯ ಸಂಸ್ಕೃತ ಸಮಾಸ ಒಂದು, ಪ್ರತ್ಯಯಗಳು ಸಾಲಾಗಿ ಸೇರಿದ ಕನ್ನಡ ಪದ ಇನ್ನೊಂದು. ಇವೆರಡನ್ನು ಒಂದೆಂದೆಣಿಸುವುದು ಯುಕ್ತವಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಮಾಸಕ್ಕೂ ಆಖ್ಯಾತಕ್ಕೂ ಬೇರೆ ಬೇರೆ ಪ್ರಕರಣಗಳನ್ನಿರಿಸಿದ್ದಾನೆ.

ಸಂಸ್ಕೃತ ಶಾಸನಗಳ ‘ಅಚೀಕರತ್’ ಎಂಬಲ್ಲಿ ಧಾತು, ಪ್ರೇರಣೆ, ಕಾಲಗಳು ಬೇರ್ಪಡಿಸಲಾಗದಂತೆ ಬೆರೆತಿವೆ. ಅದೇ ಅರ್ಥದ ‘ಮಾಡಿಸಿದಂ’ ಎಂಬಲ್ಲಿ ಮಾಡು, ಇಸು, ದ, ಅಂ ಎಂಬ ಅವಯವಗಳು ತಮ್ಮ ತಮ್ಮ ಅರ್ಥದೊಡನೆ ಬಿಡಿಬಿಡಿಯಾಗಿ ತೋರುತ್ತವೆ. ಕಾಲ್ಡ್‌ವೆಲ್ಲರು 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸುವ ಎಷ್ಟೋ ಮೊದಲೇ ನಮ್ಮ ವೈಯಾಕರಣರು ಈ ರಚನೆಯನ್ನು ಪ್ರಕೃತಿ, ಪ್ರತ್ಯಯ, ಆಗಮ, ಲೋಪಗಳಿಂದ ವಿವರಿಸಿದ್ದರು. ಭಟ್ಟಾಕಳಂಕನು ತನ್ನ ಶಬ್ದಾನುಶಾಸನವನ್ನು (1604) ಸಂಸ್ಕೃತ ಸೂತ್ರಗಳಲ್ಲಿ ರಚಿಸಿದರೂ ಆ ಸೂತ್ರಗಳ ಲಕ್ಷ್ಯವು ಕನ್ನಡವೇ.

ಈ ವಿವೇಕವು ಗ್ರಂಥಸಂಪಾದನೆಗೆ ಅತ್ಯಾವಶ್ಯಕ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಬಿಂದುವೂ ಸುಲಭವಾಗಿ ಅಳಿಯುತ್ತದೆ. ‘ಬಸದಿಯಂ ಮಾಡಿಸಿದಂ’ ಎಂಬುದರ ಬಿಂದುಗಳು ಹೋದರೆ ‘ಬಸದಿಯ ಮಾಡಿಸಿದ’ ಎಂದುಳಿಯುತ್ತದೆ. ಆಗ ‘ಬಸದಿಯ’ ಎಂಬುದು ಷಷ್ಠಿಯಂತೆಯೂ, ‘ಮಾಡಿಸಿದ’ ಎಂಬುದು ಕೃದಂತದಂತೆಯೂ ತೋರಿ, ವಾಕ್ಯವು ಮುಂದಿನ ಹೆಸರನ್ನು ಅಪೇಕ್ಷಿಸುತ್ತದೆ, ಮಾಡಿಸಿದವನಾರೆಂಬುದೇ ಸಂದಿಗ್ಧವಾಗುತ್ತದೆ. ಆದರೆ ನಡುಗನ್ನಡದಲ್ಲಿ ಇವೇ ರೂಪಗಳು ದ್ವಿತೀಯೆಯಾಗಿಯೂ ಪೂರ್ಣಕ್ರಿಯೆಯಾಗಿಯೂ ಸಾಧುವಾಗಿವೆ. ಆದುದರಿಂದ ಬಿಂದುಲೋಪವೆಲ್ಲ ಲಿಪಿಕಾರನ ಪ್ರಮಾದವೆಂದು ತಿದ್ದುವ ಸಂಪಾದಕನು ಭಾಷೆಯ ಕಾಲನಿರ್ಣಯಕ್ಕಿರುವ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ.

ಪದ್ಯದಲ್ಲಿ ಛಂದಸ್ಸು ನೆರವಾಗುತ್ತದೆ: ‘ಯಂ’ ಗುರು, ‘ಯ’ ಲಘು. ಗದ್ಯದಲ್ಲಿ ಆ ಪ್ರಮಾಣವಿಲ್ಲ. ಅಲ್ಲಿ ಅದೇ ಪ್ರತಿಯ ಉಳಿದ ದ್ವಿತೀಯಾ ರೂಪಗಳನ್ನೆಲ್ಲ ಪರಿಶೀಲಿಸಬೇಕು. ಅವುಗಳಲ್ಲಿ ಬಿಂದುವು ನಿಯತವಾಗಿದ್ದರೆ ಇದು ಸ್ಖಾಲಿತ್ಯ. ಇಲ್ಲವಾದರೆ ಅದು ಕವಿಯ ಅಥವಾ ಲಿಪಿಕಾರನ ಕಾಲದ ಭಾಷೆ. ಈ ಸಂದೇಹವು ಪೂರ್ಣವಾಗಿ ಪರಿಹಾರವಾಗುವವರೆಗೆ ಪ್ರತಿಯ ಪಾಠವನ್ನು ಮೇಲಿರಿಸಿ ಊಹೆಯನ್ನು ಅಡಿಯಲ್ಲಿ ಸೂಚಿಸುವುದೇ ಶ್ರೇಯಸ್ಕರ. ಒಂದು ಬಿಂದುವನ್ನು ಸೇರಿಸುವುದೆಂದರೆ ಒಂದು ಪ್ರತ್ಯಯವನ್ನು ಸೇರಿಸುವುದೆಂಬುದನ್ನು ಸಂಪಾದಕನು ಮರೆಯಲಾಗದು.