ಮುಶೈರಿಬ್: ಸಂಶೋಧನೆಯಿಂದ ಮೂಡಿದ ನಗರಕೇಂದ್ರದ ಗುಣದೋಷ

ಮುಶೈರಿಬ್ ಕತಾರ್ ದೇಶದ ರಾಜಧಾನಿ ದೋಹಾದ ಹಳೆಯ ನಡುಪೇಟೆ. ಸೂಕ್ ವಾಕಿಫ್ ಸಂತೆಗೂ ಅಮೀರಿ ದಿವಾನ್‌ಗೂ ಹತ್ತಿರದಲ್ಲಿರುವ ಇಲ್ಲಿನ 31 ಹೆಕ್ಟೇರ್ ಪ್ರದೇಶದ ಕಟ್ಟಡಗಳಲ್ಲಿ ಬಹುಪಾಲನ್ನು ಕೆಡವಿ, ಕತಾರ್ ಫೌಂಡೇಶನ್ನಿನ ಅಂಗಸಂಸ್ಥೆಯಾದ ಮುಶೈರಿಬ್ ಪ್ರಾಪರ್ಟೀಸ್ ಹೊಸದಾಗಿ ಕಟ್ಟಿತು. 2010ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯ ಅಂದಾಜು ವೆಚ್ಚ 550 ಕೋಟಿ ಡಾಲರ್. ಕಟ್ಟಡಗಳ ಸಂಖ್ಯೆ ನೂರಕ್ಕೂ ಹೆಚ್ಚು. ಗಾತ್ರ, ವೆಚ್ಚಗಳಲ್ಲಿ ಇದನ್ನು ಮೀರಿಸುವ ಯೋಜನೆಗಳು ಕೊಲ್ಲಿ ದೇಶಗಳಲ್ಲಿ ಬೇಕಾದಷ್ಟಿವೆ. ನಕ್ಷೆ ಬರೆಯುವ ಮುಂಚೆ ಮೂರು ವರ್ಷ ಅಧ್ಯಯನಕ್ಕೆ ಕೊಟ್ಟದ್ದು ಮಾತ್ರ ಅಲ್ಲಿ ಅಪರೂಪ. ನಗರ ಯೋಜನೆಗೆ ಸಂಶೋಧನೆ ಎಷ್ಟು ನೆರವಾಗಬಲ್ಲದು, ಎಲ್ಲಿ ಕೈಚೆಲ್ಲುತ್ತದೆ ಎಂಬುದನ್ನು ಅಳೆಯಲು ಮುಶೈರಿಬ್ ಒಳ್ಳೆಯ ಉದಾಹರಣೆಯಾಗುವುದು ಆ ಕಾರಣಕ್ಕೆ.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಇದು ಕತಾರಿ ಕುಟುಂಬಗಳ ಕೇರಿಯಾಗಿತ್ತು. ಅರಬ್ಬಿಯಲ್ಲಿ ಇಂಥ ಕೇರಿಗೆ ಫರೀಜ್ ಎಂಬ ಹೆಸರಿದೆ. ದೋಹಾದಲ್ಲಿ ಮೊದಲು ವಿದ್ಯುತ್ ಕಂಡ ಕಹರಬಾ ಬೀದಿ ಇರುವುದೂ ಇಲ್ಲೇ. ತೈಲದ ಹಣ ಬಂದ ಮೇಲೆ ಸರ್ಕಾರ ತನ್ನ ಪ್ರಜೆಗಳಿಗೆ ನಿವೇಶನ ಮತ್ತು ಸಾಲ ಕೊಟ್ಟು ಹೊರವಲಯದ ಬಡಾವಣೆಗಳಲ್ಲಿ ನೆಲೆಗೊಳಿಸಿತು. ಬಿಟ್ಟುಹೋದ ಮನೆಗಳಿಗೂ ಬೀದಿಬದಿಯ ಕಾಂಕ್ರೀಟ್ ಕಟ್ಟಡಗಳಿಗೂ ದಕ್ಷಿಣ ಏಷ್ಯಾದ ವಲಸಿಗರು ಬಾಡಿಗೆಗೆ ಬಂದರು. ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆಯನ್ನು ಹಲವರು ಹಂಚಿಕೊಳ್ಳುವ ವಾಸ. ಕೆಲಸ, ಊಟ, ಸಂಬಳದ ಹಣವನ್ನು ಊರಿಗೆ ಕಳಿಸುವ ವ್ಯವಸ್ಥೆ, ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ. ಮಾನವಶಾಸ್ತ್ರಜ್ಞೆ ಶ್ಯಾರನ್ ನೇಗಿ 1990ರ ದಶಕದಿಂದ ಪ್ರಕಟಿಸುತ್ತ ಬಂದ ಅಧ್ಯಯನಗಳಲ್ಲಿ ಈ ಬದಲಾವಣೆ ದಾಖಲಾಗಿದೆ: ದೋಹಾದ ಜನ ರಾಷ್ಟ್ರೀಯತೆ, ವರ್ಗ, ಸಂಸಾರ ಜೊತೆಗಿದೆಯೋ ಇಲ್ಲವೋ ಎಂಬುದರ ಮೇಲೆ ಬೇರೆ ಬೇರೆ ಬಡಾವಣೆಗಳಲ್ಲಿ ಹಂಚಿಹೋಗುತ್ತಿದ್ದರು.

ಹೊಸ ಯೋಜನೆಯ ಅಧ್ಯಯನದಲ್ಲಿ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು, ವಿದ್ವಾಂಸರು ಕೂಡಿ ಕೆಲಸ ಮಾಡಿದರು. ಸಮಗ್ರ ಯೋಜನೆ ಎಇಕಾಮ್, ಅರಪ್, ಅಲೈಸ್ ಅಂಡ್ ಮಾರಿಸನ್ ಸಂಸ್ಥೆಗಳದು. ಇವುಗಳಲ್ಲಿ ಕೊನೆಯ ಸಂಸ್ಥೆಯ ಪರವಾಗಿ ವಿನ್ಯಾಸದ ಹೊಣೆ ಹೊತ್ತಿದ್ದವರು ಟಿಮ್ ಮೇಕೋವರ್. ಹಳೆಯ ಕತಾರಿ ಮನೆ, ಓಣಿ, ಅಂಗಳಗಳ ಅಳತೆ ಹಿಡಿದು ಈ ತಂಡ ಏಳು ಸೂತ್ರಗಳನ್ನು ಕಂಡುಕೊಂಡಿತು: ಕಾಲಕ್ಕೆ ಸವೆಯದ ಗುಣ, ವೈವಿಧ್ಯದೊಳಗಿನ ಏಕತೆ, ಕಟ್ಟಡಕ್ಕೂ ಬಯಲಿಗೂ ಇರುವ ಹೊಂದಾಣಿಕೆ, ಮನೆ, ಬೀದಿ, ಹವೆಗೆ ತಕ್ಕ ವಿನ್ಯಾಸ, ಹೊಸ ವಾಸ್ತುಭಾಷೆ. ಕಟ್ಟಡಗಳನ್ನು ಬೇರೆ ಬೇರೆ ವಾಸ್ತುಶಿಲ್ಪಿಗಳು ರೂಪಿಸಿದರೂ ಎಲ್ಲರೂ ಈ ಸೂತ್ರಗಳಿಗೆ ಒಳಪಡಬೇಕಿತ್ತು. ಎದುರು ದಡದ ವೆಸ್ಟ್ ಬೇಯಲ್ಲಿ ಪ್ರತಿ ಗೋಪುರವೂ ತನ್ನ ಪಾಡಿಗೆ ತಾನು ನಿಂತಿದೆ. ಮುಶೈರಿಬ್‌ನಲ್ಲಿ ಗೋಡೆಗೆ ಗೋಡೆ ಸೇರಿ ಬೀದಿಯಾಗಿದೆ.

ಸೂತ್ರಗಳು ನೆಲಕ್ಕಿಳಿದ ಬಗೆ ಕಾಣುವುದು ಬೀದಿಯಲ್ಲೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಜನ ನಡೆಯಬೇಕಾದರೆ ನೆರಳೂ ಗಾಳಿಯೂ ಬೇಕು. ಅದಕ್ಕಾಗಿ ಬೀದಿಗಳನ್ನು ಗಾಳಿ ಬೀಸುವ ದಿಕ್ಕಿಗೆ ಹೊಂದುವಂತೆ ತಿರುಗಿಸಲಾಗಿದೆ. ಕಟ್ಟಡಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುವಂತೆ ಮಾಡಲಾಗಿದೆ. ಅಂಗಡಿ ಸಾಲಿನ ಮುಂದೆ ಕಂಬಗಳ ಪಡಸಾಲೆ. ಗೋಡೆಗಳಿಗೆ ಬಿಸಿಲನ್ನು ಹಿಮ್ಮೆಟ್ಟಿಸುವ ತಿಳಿ ಬಣ್ಣದ ಕಲ್ಲು. ಬರಾಹತ್ ಮುಶೈರಿಬ್ ಎಂಬ ದೊಡ್ಡ ಚೌಕಕ್ಕೆ ತೆರೆದು ಮುಚ್ಚಬಹುದಾದ ಚಾವಣಿ. ಸರಕು ಲಾರಿ, ಕಾರು ನಿಲ್ದಾಣ, ಕಸ ಸಾಗಣೆ ಎಲ್ಲವೂ ನೆಲದಡಿಯ ಅಂತಸ್ತುಗಳಿಗೆ ಇಳಿದಿರುವುದರಿಂದ ಮೇಲಿನ ಓಣಿಗಳು ಕಾಲ್ನಡಿಗೆಯವರಿಗೆ ಉಳಿದಿವೆ. ಮನೆಗಳ ಒಳಅಂಗಳದ ವಿನ್ಯಾಸವನ್ನು ನಮ್ಮ ತೊಟ್ಟಿಮನೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ: ಹೊರಗಿನವರ ಕಣ್ಣಿಗೆ ಮರೆ, ಒಳಗಿನವರಿಗೆ ಆಕಾಶ. ಹಳೆಯದನ್ನು ಅಲಂಕಾರವಾಗಿ ಅಂಟಿಸದೆ ಅದು ಕೆಲಸ ಮಾಡುವ ರೀತಿಯನ್ನು ಅರಿತು ಬಳಸಿರುವುದು ಈ ಅಧ್ಯಯನದ ದೊಡ್ಡ ಗಳಿಕೆ.

ಸಂಶೋಧನೆ ನೇರವಾಗಿ ನಿಯಮದ ರೂಪ ತಾಳಿದ ನಿದರ್ಶನ ಕತಾರ್‌ನಲ್ಲಿ ಇದೊಂದೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಟಿ.ಸಿ. ಚಾನ್ ಕೇಂದ್ರ ಮತ್ತು ಜಾರ್ಜಿಯಾ ಟೆಕ್ ನೆರವಿನಿಂದ 2009ರಲ್ಲಿ ರೂಪುಗೊಂಡ ಹಸಿರು ಕಟ್ಟಡ ಮಾನದಂಡ ಮುಂದೆ ದೇಶದ ನಿರ್ಮಾಣ ಸಂಹಿತೆಯನ್ನು ಸೇರಿತು. ಕತಾರ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಮತ್ತು ನಗರ ಯೋಜನಾ ವಿಭಾಗದ ರಫಾಯೆಲ್ಲೊ ಫುರ್ಲಾನ್ ಮತ್ತು ಸಂಗಡಿಗರು ಮೆಟ್ರೊ ನಿಲ್ದಾಣಗಳ ಸುತ್ತ ಒತ್ತಾದ, ನಡೆದಾಡಬಹುದಾದ ವಸತಿ ಬೆಳೆಯಬೇಕೆಂಬ ವಾದವನ್ನು ದೋಹಾದ ಒಂದೊಂದೇ ನಿಲ್ದಾಣದ ಅಧ್ಯಯನದಿಂದ ಮಂಡಿಸಿದ್ದಾರೆ. 2019ರಲ್ಲಿ ಓಡಾಟ ಆರಂಭಿಸಿದ ಮೆಟ್ರೊದ ಮೂರೂ ಮಾರ್ಗಗಳು ಕೂಡುವುದು ಮುಶೈರಿಬ್ ನಿಲ್ದಾಣದಲ್ಲಿ. ಬಡಾವಣೆಯೊಳಗೆ ಟ್ರಾಮ್ ಸುತ್ತುತ್ತದೆ.

ಅಗೆತದ ಸಂಶೋಧನೆಗೂ ಇಲ್ಲಿ ಸ್ಥಾನ ಸಿಕ್ಕಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ದೋಹಾದಲ್ಲಿ ನಡೆಸುತ್ತಿದ್ದ ಶಾಖೆಯ ಪುರಾತತ್ವಜ್ಞರು, ರಾಬರ್ಟ್ ಕಾರ್ಟರ್ ಅವರ ನೇತೃತ್ವದ ದೋಹಾ ಮೂಲಶೋಧ ಯೋಜನೆಯಲ್ಲಿ, ರದ್ವಾನಿ ಮನೆಯ ನೆಲವನ್ನು ಅಗೆದು ಊರಿನ ದಿನಬಳಕೆಯ ಚರಿತ್ರೆಯನ್ನು ಹೊರತೆಗೆದರು. ಉಳಿಸಿಕೊಂಡ ನಾಲ್ಕು ಹಳೆಯ ಮನೆಗಳು 2015ರಲ್ಲಿ ವಸ್ತುಸಂಗ್ರಹಾಲಯಗಳಾದವು. ಇವುಗಳಲ್ಲಿ ಬಿನ್ ಜಲ್ಮೂದ್ ಮನೆ ಗುಲಾಮಗಿರಿಯ ಚರಿತ್ರೆಯನ್ನು, ಇಂದಿನ ಜೀತದ ರೂಪಗಳನ್ನೂ ಬಿಡದೆ, ಹೇಳುತ್ತದೆ. ಕಂಪನಿ ಮನೆ ತೈಲ ಬಾವಿಗಳಲ್ಲಿ ದುಡಿದ ಮೊದಲ ತಲೆಮಾರಿನ ಕಾರ್ಮಿಕರದು. ಗುಲಾಮಗಿರಿಯಂಥ ಕಹಿ ವಿಷಯಕ್ಕೆ ನಗರದ ನಡುಮಧ್ಯೆ ಜಾಗ ಕೊಟ್ಟದ್ದು ಆ ಪ್ರದೇಶದಲ್ಲಿ ಸಣ್ಣ ಮಾತಲ್ಲ.

ಕೊರತೆ ಇರುವುದು ಪರಂಪರೆ ಎಂದು ಯಾವುದನ್ನು ಎಣಿಸಲಾಯಿತು ಎಂಬಲ್ಲಿ. ತೈಲಪೂರ್ವ ಕಾಲದ ಅಂಗಳ, ಓಣಿಗಳು ಅಧ್ಯಯನಕ್ಕೆ ಯೋಗ್ಯವಾದವು. ನಂತರದ ಸುಮಾರು ಐವತ್ತು ವರ್ಷ ಆ ಬೀದಿಗಳನ್ನು ತುಂಬಿದ್ದ ಬಾಡಿಗೆ ಕೋಣೆ, ಚಿಲ್ಲರೆ ಅಂಗಡಿ, ಹೋಟೆಲುಗಳ ಪದರವನ್ನು ತೆಗೆದುಹಾಕಬೇಕಾದ ಶೈಥಿಲ್ಯವೆಂದು ಪರಿಗಣಿಸಲಾಯಿತು. ಆ ಕಟ್ಟಡಗಳಲ್ಲಿ ಹಲವು ದುರಸ್ತಿಗೂ ಬಾರದ ಸ್ಥಿತಿಯಲ್ಲಿದ್ದವು, ನಿಜ. ಆದರೆ ಕಟ್ಟಡದ ದುಃಸ್ಥಿತಿ ಬೇರೆ, ಅಲ್ಲಿನ ವಾಸದ ಉಪಯುಕ್ತತೆ ಬೇರೆ. ದುಡಿಮೆಯ ಜಾಗಕ್ಕೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಅಗ್ಗದ ಬಾಡಿಗೆ ಮನೆ ಇರುವುದು ನಗರಶಾಸ್ತ್ರ ಮೆಚ್ಚುವ ಗುಣ. ಹೊಸ ಮುಶೈರಿಬ್ ಸಾಧಿಸಲು ಹೊರಟದ್ದೂ ಅದನ್ನೇ, ದುಬಾರಿ ಬಾಡಿಗೆಯ ಮಟ್ಟದಲ್ಲಿ.

ವಲಸಿಗರ ವಸತಿಯನ್ನು ಕುರಿತ ಸಂಶೋಧನೆಗೆ ಬರವಿರಲಿಲ್ಲ. 2004ರ ಜನಗಣತಿಯಲ್ಲಿ 7,44,029 ಇದ್ದ ಕತಾರ್‌ನ ಜನಸಂಖ್ಯೆ 2010ಕ್ಕೆ 16,99,435 ಆಯಿತು. ಏರಿಕೆಯ ಬಹುಪಾಲು ವಲಸಿಗರದು. ಕತಾರ್ ವಿಶ್ವವಿದ್ಯಾಲಯದ ಸಾಮಾಜಿಕ ಮತ್ತು ಆರ್ಥಿಕ ಸಮೀಕ್ಷಾ ಸಂಶೋಧನಾ ಸಂಸ್ಥೆ, ಮಾನವಶಾಸ್ತ್ರಜ್ಞ ಆಂಡ್ರ್ಯೂ ಗಾರ್ಡನರ್ ಮತ್ತಿತರರ ಜೊತೆ ಸೇರಿ ಕಡಿಮೆ ಆದಾಯದ ಸಾವಿರಕ್ಕೂ ಹೆಚ್ಚು ವಲಸಿಗರನ್ನು ಮಾತಾಡಿಸಿತು. ಅವರ ಸಂಬಳ, ಸಾಲ, ವಸತಿಯ ಚಿತ್ರ 2013ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಶ್ರಫ್ ಸಲಾಮಾ ಮತ್ತು ಫ್ಲೋರಿಯನ್ ವೀಡ್‌ಮನ್ ದೋಹಾದ ನಗರೀಕರಣವನ್ನು ಕುರಿತು ಇಡೀ ಪುಸ್ತಕವನ್ನೇ ಹೊರತಂದರು.

ವಸತಿ ನೀತಿ ಮಾತ್ರ ಬೇರೆ ದಾರಿ ಹಿಡಿದಿತ್ತು. ಸಂಸಾರಸ್ಥರ ಬಡಾವಣೆಗಳಲ್ಲಿ ಕಾರ್ಮಿಕರ ಸಾಮೂಹಿಕ ವಸತಿಯನ್ನು 2010ರ 15ನೇ ಸಂಖ್ಯೆಯ ಕಾನೂನು ನಿಷೇಧಿಸಿತು. ಊರಲ್ಲಿ ಹೆಂಡತಿ ಮಕ್ಕಳಿದ್ದರೂ ಕೊಲ್ಲಿಯ ಲೆಕ್ಕದಲ್ಲಿ ‘ಬ್ಯಾಚುಲರ್’ ಆಗುವ ದುಡಿಮೆಗಾರ ಇಂಡಸ್ಟ್ರಿಯಲ್ ಏರಿಯಾದಂಥ ಹೊರವಲಯದ ಲೇಬರ್ ಕ್ಯಾಂಪಿಗೆ ಸರಿದ. 2014ರ ಸಚಿವಾಲಯದ ಆದೇಶ ತಲೆಗೆ 6 ಚದರ ಮೀಟರ್ ಜಾಗ, ಕೋಣೆಗೆ ನಾಲ್ಕೇ ಜನ ಎಂದು ಮಿತಿ ಹಾಕಿತು. 2015ರಲ್ಲಿ ಹತ್ತಾರು ಸಾವಿರ ಜನರಿಗಾಗಿ ಲೇಬರ್ ಸಿಟಿ ತೆರೆಯಿತು. ಹಾಸಿಗೆಗಳು ಸುಧಾರಿಸಿದವು, ಅವುಗಳನ್ನು ನಗರದ ಹೊರಗೇ ಇಡಬೇಕೆಂಬ ತೀರ್ಮಾನ ಕದಲಲಿಲ್ಲ. ಮೂರು ಮಾರ್ಗಗಳ ಮೆಟ್ರೊ ಇಂಡಸ್ಟ್ರಿಯಲ್ ಏರಿಯಾದೊಳಗೆ ಹೋಗದಿರುವುದೂ ಈ ತೀರ್ಮಾನಕ್ಕೆ ಹೊಂದುವಂತೆಯೇ ಇದೆ. ದುಡಿಯುವವರ ಚರಿತ್ರೆಗೆ ಕಂಪನಿ ಮನೆಯಲ್ಲಿ ಕೋಣೆ ಸಿಕ್ಕಿತು, ಇಂದು ದುಡಿಯುವವರಿಗೆ ಆ ಬೀದಿಯಲ್ಲಿ ಸಿಗಲಿಲ್ಲ.

ಸಂಶೋಧನೆಯ ಒಂದು ಭಾಗವಷ್ಟೇ ಜಾರಿಗೆ ಬಂದದ್ದೇಕೆ ಎಂಬುದು ಬೆಂಗಳೂರಿನ ಜೊತೆಗಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಕೆರೆಗಳ ಮತ್ತು ಹಸಿರಿನ ಕುಸಿತವನ್ನು ಉಪಗ್ರಹ ಚಿತ್ರಗಳಿಂದ ತೋರಿಸಿದೆ. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಕೊಳೆಗೇರಿಗಳ ಬದುಕನ್ನು ಅಧ್ಯಯನ ಮಾಡಿದೆ. ಆದರೂ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದು, ಆಕ್ಷೇಪಣೆಗಳ ನಡುವೆ ಸಿಕ್ಕಿ, 2020ರಲ್ಲಿ ವಾಪಸಾಯಿತು. ಬೆಂಗಳೂರಿನಲ್ಲಿ ಕೇಳುವವರು ಹಲವರು, ಜಾರಿಗೊಳಿಸುವವರು ಯಾರೆಂಬುದೇ ಗೊಂದಲ. ಮುಶೈರಿಬ್‌ನಲ್ಲಿ ನೆಲದ ಒಡೆತನ, ಹಣ, ಅಧ್ಯಯನ, ನಿರ್ಮಾಣ ಒಂದೇ ಕೈಯಲ್ಲಿದ್ದುದರಿಂದ ಸಂಶೋಧನೆ ಕೆಲವೇ ವರ್ಷಗಳಲ್ಲಿ ಕಲ್ಲುಗಾರೆಯಾಯಿತು. ಹಾಗೆಯೇ ಅಧ್ಯಯನಕ್ಕೆ ಕೇಳಬೇಕಾದ ಪ್ರಶ್ನೆಗಳನ್ನೂ ಆ ಕೈಯೇ ಆರಿಸಿತು. ಗಾಳಿ ಎತ್ತಣಿಂದ ಬೀಸುತ್ತದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ನಕ್ಷೆಗೆ ಇಳಿಯಿತು. ಬಾಡಿಗೆದಾರ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ಪುಟಗಳಲ್ಲೇ ಉಳಿಯಿತು.

ಒಟ್ಟಿನಲ್ಲಿ, ಬಿಸಿಲ ನಾಡಿನಲ್ಲಿ ನಡೆದಾಡಬಹುದಾದ, ಒತ್ತಾದ ನಗರಕೇಂದ್ರವನ್ನು ಕಟ್ಟುವ ವಿದ್ಯೆಯಾಗಿ ಮುಶೈರಿಬ್ ಅನುಕರಣೆಗೆ ಯೋಗ್ಯ. ಅದರ ಬೀದಿ, ನೆರಳು, ನೆಲದಡಿಯ ವ್ಯವಸ್ಥೆಗಳ ಪಾಠ ಕಲಬುರಗಿ, ರಾಯಚೂರುಗಳಂಥ ಊರುಗಳಿಗೂ ಹೊಂದುತ್ತದೆ. ವಸತಿ ನೀತಿಯ ಮಾದರಿಯಾಗಿ ಅದು ಅಪೂರ್ಣ. ಹಳೆಯ ಪೇಟೆಯನ್ನು ಕೆಡವುವ ಯಾವುದೇ ಯೋಜನೆ ಮನೆಗಳ ಅಳತೆ ಹಿಡಿಯುವಾಗಲೇ ಬಾಡಿಗೆದಾರರ ಗಣತಿಯನ್ನೂ ಮಾಡಬೇಕು, ಹೊಸ ಕಟ್ಟಡಗಳಲ್ಲಿ ಒಂದು ಪಾಲನ್ನು ಅವರ ಕೈಗೆಟುಕುವ ಬಾಡಿಗೆಗೆ ಮೀಸಲಿಡಬೇಕು. ಅದಕ್ಕೆ ಬೇಕಾದ ಸಮೀಕ್ಷೆಯ ವಿಧಾನ ದೋಹಾದ ವಿಶ್ವವಿದ್ಯಾಲಯದಲ್ಲೇ ಸಿದ್ಧವಿದೆ.