‘ನಿಮ್ಮ ಮಾತೃಭಾಷೆ ಯಾವುದು?’ — ಒಂದು ಪ್ರಶ್ನೆಯ ವಿಮರ್ಶೆ

ವಿಮರ್ಶೆಯ ಪುಟದಲ್ಲಿ ಕವನಸಂಕಲನವನ್ನೋ ಕಾದಂಬರಿಯನ್ನೋ ನಿರೀಕ್ಷಿಸುವ ವಾಚಕರು ಈ ಸಲ ನಮ್ಮನ್ನು ಕ್ಷಮಿಸಬೇಕು. ನಾವು ಎತ್ತಿಕೊಂಡಿರುವುದು ಒಂದೇ ಒಂದು ವಾಕ್ಯವನ್ನು. ಅದಕ್ಕೆ ಕರ್ತೃವಿನ ಹೆಸರಿಲ್ಲ, ಅಂಕಿತವಿಲ್ಲ. ಆದರೂ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಗಳ ಬಾಳಿನ ಮೇಲೆ ಅದರಷ್ಟು ಪರಿಣಾಮವನ್ನು ಮಾಡಿದ ವಾಕ್ಯಗಳು ಬಹಳವಿರಲಾರವು. ಗಣತಿದಾರರು ಮನೆಯ ಬಾಗಿಲಲ್ಲಿ ನಿಂತು ಕೇಳುತ್ತ ಬಂದಿರುವ ‘ನಿಮ್ಮ ಮಾತೃಭಾಷೆ ಯಾವುದು?’ ಎಂಬುದೇ ಆ ವಾಕ್ಯ.

ಹಳೆಯ ಗ್ರಂಥವನ್ನು ಸಂಪಾದಿಸುವವರು ಮೊದಲು ಪಾಠಾಂತರಗಳನ್ನು ನೋಡುತ್ತಾರೆ. ಇಲ್ಲಿಯೂ ಅವು ಉಂಟು. ೧೮೮೧ರಲ್ಲಿ ತೊಟ್ಟಿಲಿನಿಂದ ಆಡಿದ ಭಾಷೆ ಯಾವುದೆಂದು ಕೇಳಿದರು; ೧೮೯೧ರಲ್ಲಿ ಹೆತ್ತವರ ಭಾಷೆಯನ್ನು ಕೇಳಿದರು; ೧೯೦೧ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು. ೧೯೫೧ರಲ್ಲಿ ಮತ್ತೆ ತೊಟ್ಟಿಲ ಭಾಷೆ ಬಂದಿತು. ೧೯೬೧ರಲ್ಲಿ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂದು ಲಕ್ಷಣ ಹೇಳಿದರು. ಕಾಶಿಯ ಕಡೆಯ ಪಂಡಿತರಿಗೆ ಇವೆಲ್ಲ ಒಂದೇ ಅರ್ಥದ ಮಾತುಗಳಾಗಿ ಕಂಡಾವು. ಅಗಳಿಯ ಕಡೆಯ ಒಂದು ಮನೆಯನ್ನು ಊಹಿಸಿಕೊಂಡರೆ ಹಾಗಲ್ಲವೆಂಬುದು ತಿಳಿಯುತ್ತದೆ. ತಾಯಿ ಶಿರಾ ಕಡೆಯಿಂದ ಬಂದ ಕನ್ನಡತಿ. ತಂದೆಯ ಕಡೆಯವರು ತೆಲುಗರು. ಮಗ ಓದಿದ್ದು ತೆಲುಗಿನಲ್ಲಿ, ಸಂತೆಯ ವ್ಯಾಪಾರ ಕನ್ನಡದಲ್ಲಿ, ಕಚೇರಿಗೆ ಬರೆಯುವ ಅರ್ಜಿ ತೆಲುಗಿನಲ್ಲಿ. ೧೮೯೧ರ ಪ್ರಶ್ನೆಗೆ ಈತನು ಎರಡು ಉತ್ತರಗಳನ್ನು ಕೊಡಬೇಕು. ೧೯೦೧ರ ಪ್ರಶ್ನೆಗೆ ಯಾವ ಉತ್ತರವನ್ನಾದರೂ ಕೊಡಬಹುದು. ೧೯೬೧ರ ಪ್ರಶ್ನೆಗೆ ಅವನು ನಿಸ್ಸಂದೇಹವಾಗಿ ಕನ್ನಡಿಗ. ಮನುಷ್ಯನು ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು. ತಾಯ್ನುಡಿಯಲ್ಲದೆ ಬಲ್ಲ ಬೇರೆ ಭಾಷೆಗಳನ್ನೂ ೧೯೬೧ರಲ್ಲಿ ಬರೆದುಕೊಂಡರೆಂಬುದು ನಿಜ. ಆದರೆ ಗಡಿಯ ವಾಗ್ವಾದದಲ್ಲಿ ಆ ಅಂಕಣವನ್ನು ತೆರೆದು ಓದಿದವರನ್ನು ನಾವು ಕಂಡಿಲ್ಲ.

ಪಂಜಾಬಿನಲ್ಲಿ ೧೯೫೧ರ ಗಣತಿಯ ಹೊತ್ತಿಗೆ ಭಾಷೆಯ ಜಗಳ ಎಷ್ಟು ಕಾವೇರಿತೆಂದರೆ ಅಲ್ಲಿ ಹಿಂದಿ, ಪಂಜಾಬಿಗಳನ್ನು ಬೇರ್ಪಡಿಸದೆ ಒಟ್ಟಾಗಿ ಲೆಕ್ಕಹಾಕಬೇಕಾಯಿತು. ಉತ್ತರ ಕೊಡುವವನಿಗೆ ಉತ್ತರದ ಫಲ ಮೊದಲೇ ತಿಳಿದಿದ್ದರೆ ಅದು ಅಳತೆಯಾಗದೆ ಮತದಾನವಾಗುತ್ತದೆ. ನಮ್ಮ ಸೀಮೆಯೂ ಇದಕ್ಕೆ ಹೊರಗಲ್ಲ.

ಇಂಥ ಲೆಕ್ಕದ ಮೇಲೆ ಎಂಥ ತೀರ್ಮಾನಗಳು ನಿಂತುವು! ೧೯೫೩ರ ಅಕ್ಟೋಬರ್ ೧ರಂದು ಆಂಧ್ರರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದುವು. ಬಳ್ಳಾರಿ ತಾಲ್ಲೂಕಿನ ವಿಷಯ ನ್ಯಾಯಮೂರ್ತಿ ಮಿಶ್ರ ಅವರ ವಿಚಾರಣೆಯಾದ ಮೇಲೆ ಇತ್ಯರ್ಥವಾಯಿತು. ಮಡಕಶಿರಾ ೧೮೮೨ರಲ್ಲಿ ಅನಂತಪುರ ಜಿಲ್ಲೆಯಾದಂದಿನಿಂದ ಅಲ್ಲಿಯೇ ಇದ್ದುದರಿಂದ ಅಲ್ಲಿಯೇ ಉಳಿಯಿತು. ಇನ್ನು ೧೯೫೫ರ ರಾಜ್ಯ ಪುನರ್ವಿಂಗಡಣಾ ಆಯೋಗದವರು ತುಂಗಭದ್ರೆಯ ಯೋಜನೆಯನ್ನು ಮುಂದಿಟ್ಟು ಬಳ್ಳಾರಿಯ ಭಾಗವನ್ನು ಆಂಧ್ರಕ್ಕೆ ಕೊಡಬೇಕೆಂದರು, ಸರ್ಕಾರ ಒಪ್ಪಲಿಲ್ಲ. ಅದೇ ಆಯೋಗ ಕೋಲಾರದಲ್ಲಿ ತೆಲುಗರ ಸಂಖ್ಯೆ ಹೆಚ್ಚೆಂದು ಒಪ್ಪಿಯೂ ಅದನ್ನು ಕರ್ನಾಟಕದಲ್ಲಿಯೇ ಇರಿಸಿತು. ಅಂಕಿಗಳು ಒಮ್ಮೆ ದೊರೆ, ಒಮ್ಮೆ ಆಳು. ಕೋಲಾರದ ಮಾತು ಬಂದಾಗ ನಮ್ಮವರು ಮೆಲ್ಲಗಾಗುವುದನ್ನೂ ನಾವು ಇಲ್ಲಿ ಹೇಳದಿದ್ದರೆ ಅಪ್ರಾಮಾಣಿಕರಾದೇವು.

ಅಂಕಿಗಳು ಕೈಕೊಟ್ಟಾಗ ನಾವು ಶಾಸನಗಳ ಕಡೆಗೆ ಓಡುತ್ತೇವೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಕಲ್ಲುಗಳನ್ನು ತೋರಿಸದ ಭಾಷಣವಿಲ್ಲ. ಆ ಕಲ್ಲುಗಳ ಮೇಲೆ ನಮಗೆ ಅಭಿಮಾನವಿದೆ. ಆದರೆ ಅವು ಬರೆಸಿದವರ ಭಾಷೆಯನ್ನು ಹೇಳುತ್ತವೆಯೇ ಹೊರತು ಅಂದಿನ ಅಡುಗೆಮನೆಯ ಭಾಷೆಯನ್ನಲ್ಲ. ಕಲ್ಲು ಗಣತಿಗೆ ಬದಲಿಯಾಗದು.

ಗಡಿಯ ಮಾತನ್ನು ಬದಿಗಿರಿಸಿದರೂ ಲೆಕ್ಕದ ಕಾಟ ತಪ್ಪುವುದಿಲ್ಲ. ಒಂದು ಶಾಲೆಯಲ್ಲಿ ೪೦ ಮಕ್ಕಳು, ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳು ಇದ್ದರೆ ಅವರ ತಾಯ್ನುಡಿಯಲ್ಲಿ ಕಲಿಸುವ ಉಪಾಧ್ಯಾಯರನ್ನು ಕೊಡಬೇಕೆಂಬುದು ೧೯೪೯ರಲ್ಲಿ ಶಿಕ್ಷಣಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರ. ಜನಸಂಖ್ಯೆಯಲ್ಲಿ ಶೇಕಡಾ ೧೫ರಿಂದ ೨೦ರಷ್ಟು ಅಲ್ಪಸಂಖ್ಯಾತರಿರುವ ಕಡೆ ಸರ್ಕಾರದ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂಬುದು ಇನ್ನೊಂದು. ಯಾವುದರಲ್ಲಿ ಶೇಕಡಾ? ಜಿಲ್ಲೆಯಲ್ಲಿಯೋ, ತಾಲ್ಲೂಕಿನಲ್ಲಿಯೋ, ಗ್ರಾಮದಲ್ಲಿಯೋ? ಡಿ. ಹಿರೇಹಾಳು, ಅಮರಾಪುರ, ರೊಳ್ಳ ಮುಂತಾದ ಕಡೆಗಳ ಕನ್ನಡ, ಜಿಲ್ಲೆಯ ಒಟ್ಟು ಲೆಕ್ಕದಲ್ಲಿ ಕೆರೆಗೆ ಹಾಕಿದ ಉಪ್ಪಿನಂತೆ ಕರಗಿಹೋಗುತ್ತದೆ. ೨೦೨೨ರಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ ರಾಯದುರ್ಗ ಅನಂತಪುರದಲ್ಲಿ ಉಳಿದ ಮೇಲೆ ಭಾಜ್ಯವೂ ಭಾಜಕವೂ ಎರಡಾದುವು. ಒಬ್ಬನೇ ಒಬ್ಬ ಕನ್ನಡಿಗ ಊರು ಬಿಡದಿದ್ದರೂ ಶೇಕಡಾ ಬದಲಾಗುವುದು ಹೀಗೆ.

ಹಾಗಾದರೆ ನಾವೇ ಎಣಿಸೋಣವೆಂದು ಕೆಲವರು ಹೊರಡುತ್ತಾರೆ. ರಾಜ್ಯೋತ್ಸವದ ಸಭೆಯಲ್ಲಿ ನಮೂನೆಗಳನ್ನು ಹಂಚಿ, ತುಂಬಿಸಿ ತಂದು, ನೂರಕ್ಕೆ ತೊಂಬತ್ತು ಕನ್ನಡಿಗರೆಂದು ಸಂತೋಷಪಡುವುದನ್ನು ನಾವು ಕಂಡಿದ್ದೇವೆ. ಒಮ್ಮೆ ಆ ನಮೂನೆಗಳನ್ನು ಹಂಚಿದವರಲ್ಲಿ ನಾವೂ ಇದ್ದೆವು. ಕನ್ನಡದ ಸಭೆಗೆ ಬಂದವರು ಕನ್ನಡಿಗರೆಂದು ಪತ್ತೆಹಚ್ಚುವುದಕ್ಕೆ ಕಾಗದವೇಕೆ? ಆಯ್ಕೆ ಚೀಟಿ ಎತ್ತಿದಂತೆ ನಡೆದಿದ್ದರೆ ೪೦೦ ಮನೆಗಳೇ ಸಾಕು: ಅದರಿಂದ ಬರುವ ಶೇಕಡಾವಾರು ನಿಜದಿಂದ ಸುಮಾರು ೫ರಷ್ಟು ಮಾತ್ರ ಆಚೀಚೆಯಾದೀತು. ಒಂದೇ ಊರಿನ ಮನೆಗಳು ಒಂದರಂತೊಂದು ಇರುವುದರಿಂದ ನಾಲ್ಕೇ ಊರುಗಳಲ್ಲಿ ನೂರು ನೂರು ಮನೆ ಹಿಡಿದರೆ ಆ ಭರವಸೆ ಉಳಿಯುವುದಿಲ್ಲ, ಊರುಗಳೂ ಬಹಳವಾಗಬೇಕು.

ಆದರೂ ಕೇಳುವವನ ದೋಷ ಉಳಿಯಿತು. ಇದನ್ನು ಅಳೆಯುವ ಉಪಾಯವನ್ನು ತೋರಿಸಿದವರು ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಅವರು ಒಂದೇ ಪ್ರದೇಶದಿಂದ ಒಂದರೊಳಗೊಂದು ಹೆಣೆದುಕೊಂಡ ಎರಡು ಮಾದರಿಗಳನ್ನು ತೆಗೆದು, ಎರಡು ಬೇರೆ ತಂಡಗಳಿಗೆ ಒಪ್ಪಿಸುತ್ತಿದ್ದರು. ಎರಡು ತಂಡಗಳ ಉತ್ತರಗಳ ಅಂತರವೇ ತಂಡಗಳ ದೋಷದ ಅಳತೆ. ಗಿಡ ಸುಳ್ಳು ಹೇಳದು, ಎಣಿಸುವವನು ಹೇಳಿಯಾನು ಎಂಬುದು ಅವರಿಗೆ ತಿಳಿದಿತ್ತು. ರಾಯದುರ್ಗದಲ್ಲಿ ಇದನ್ನೇಕೆ ಮಾಡಬಾರದು? ಚೀಟಿಯೆತ್ತಿ ಮನೆಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಕನ್ನಡದಲ್ಲಿ ಮಾತಾಡಿಸುವವರನ್ನೂ ಇನ್ನೊಂದಕ್ಕೆ ತೆಲುಗಿನಲ್ಲಿ ಮಾತಾಡಿಸುವವರನ್ನೂ ಕಳುಹಿಸಬೇಕು. ಎರಡು ಲೆಕ್ಕಗಳು ಸರಿಹೋದರೆ ಒಳ್ಳೆಯದು. ಹೋಗದಿದ್ದರೆ ಇದುವರೆಗಿನ ಗಣತಿಗಳಲ್ಲಿ ಕೇಳಿದವನ ಪಾಲು ಎಷ್ಟಿರಬಹುದೆಂಬುದರ ಮೊದಲ ಅಂದಾಜು ನಮಗೆ ದೊರೆಯುತ್ತದೆ. ಅದು ನಮ್ಮ ಪಕ್ಷಕ್ಕೆ ಪ್ರತಿಕೂಲವಾಗಿದ್ದರೂ ಅಚ್ಚುಹಾಕಬೇಕು.

ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲವೆಂಬುದಕ್ಕೆ ಒಂದು ಉದಾಹರಣೆ. ೧೯೯೨–೯೩ರಲ್ಲಿ ಮೊದಲಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕಳೆದ ಎರಡು ವಾರಗಳಲ್ಲಿ ಮಗುವಿಗೆ ಭೇದಿಯಾಗಿತ್ತೇ ಎಂದು ತಾಯಿಯನ್ನು ಕೇಳುವುದುಂಟು. ತೆಲುಗಿನಲ್ಲಿ ಭೇದಿಗೆ ‘ವಿರೇಚನಾಲು’ ಎನ್ನುತ್ತಾರೆ. ಕನ್ನಡದ ‘ವಿರೇಚನ’ವಾದರೋ ಔಷಧ ಕೊಟ್ಟು ಮಾಡಿಸುವುದು. ಕನ್ನಡದ ಕಿವಿಯ ತಾಯಿ ‘ಇಲ್ಲ’ ಎಂದರೆ ಆ ಮಗು ಆರೋಗ್ಯವಂತರ ಲೆಕ್ಕಕ್ಕೆ ಸೇರಿತು. ಪ್ರಶ್ನೆಯನ್ನು ಒಬ್ಬರು ಅನುವಾದಿಸಿ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮೂಲಭಾಷೆಗೆ ಮರಳಿ ಅನುವಾದಿಸಿ ಹೋಲಿಸುವ ಕ್ರಮ ಇಂಥ ತಪ್ಪನ್ನು ಹಿಡಿಯಲೆಂದೇ ಇದೆ. ಆದರೆ ಗಡಿನಾಡಿನ ಕನ್ನಡಕ್ಕಾಗಿ ಅಷ್ಟು ಶ್ರಮಪಡಬೇಕಾದರೆ ಮೊದಲು ಅದು ಲೆಕ್ಕದಲ್ಲಿ ಕಾಣಿಸಬೇಕು.

೨೦೨೧ರಲ್ಲಿ ಆಗಬೇಕಾಗಿದ್ದ ಗಣತಿ ಆಗದೆ ೨೦೨೭ಕ್ಕೆ ಗೊತ್ತಾಯಿತು. ಅದರ ಪ್ರಶ್ನೆಯನ್ನು ತಿದ್ದುವ ಶಕ್ತಿ ನಮಗಿಲ್ಲ. ಪಕ್ಕದಲ್ಲಿ ನಮ್ಮದೊಂದು ಸಣ್ಣ ಪ್ರಶ್ನಾವಳಿಯನ್ನು ಇಡಬಹುದು: ಮಗುವನ್ನು ಯಾವ ಭಾಷೆಯಲ್ಲಿ ಗದರುತ್ತೀರಿ, ದವಾಖಾನೆಯಲ್ಲಿ ನೋವನ್ನು ಯಾವುದರಲ್ಲಿ ಹೇಳುತ್ತೀರಿ, ಸಾಲದ ಪತ್ರವನ್ನು ಯಾರಿಂದ ಓದಿಸಿಕೊಳ್ಳುತ್ತೀರಿ. ಇದಕ್ಕೆ ಸೇರಿಸಬೇಕಾದ, ತೆಗೆಯಬೇಕಾದ ಪ್ರಶ್ನೆಗಳನ್ನು ವಾಚಕರು ಸಂಘಕ್ಕೆ ಬರೆದು ತಿಳಿಸಿದರೆ, ಮೊದಲು ಹತ್ತು ಮನೆಗಳಲ್ಲಿ ಕೇಳಿ ನೋಡುವೆವು.