ಅಲೆಗಳಲ್ಲಿ ಕಳೆದುಹೋದ ಫೆಬ್ರವರಿ

ಆರ್ ತಂತ್ರಾಂಶದ ಜೊತೆಗೇ ಬರುವ ದತ್ತಾಂಶಗಳಲ್ಲಿ ‘ನಾಟೆಮ್’ ಒಂದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕ್ಯಾಸಲ್‌ನಲ್ಲಿ 1920ರಿಂದ 1939ರವರೆಗೆ ದಾಖಲಾದ ತಿಂಗಳ ಸರಾಸರಿ ತಾಪಮಾನ, ಒಟ್ಟು 240 ಅಂಕಿಗಳು. ಪ್ಲಾಟ್ ಆದೇಶ ಕೊಟ್ಟೊಡನೆ ಪರದೆಯ ಮೇಲೆ ಇಪ್ಪತ್ತು ಅಲೆಗಳು ಸಾಲಾಗಿ ಏಳುತ್ತವೆ. ನೋಡಲು ಚೆಂದವೇ. ಆದರೆ ಅಲ್ಲಿ ಜುಲೈ ಬೆಚ್ಚಗೆ, ಜನವರಿ ತಣ್ಣಗೆ ಎಂಬುದಕ್ಕಿಂತ ಹೆಚ್ಚೇನನ್ನೂ ಆ ನಕ್ಷೆ ಹೇಳುವುದಿಲ್ಲ. ಲಂಬ ಅಕ್ಷದ ಪಕ್ಕ ದತ್ತಾಂಶದ ಹೆಸರಷ್ಟೇ ಇರುತ್ತದೆ, ಮಾನ ಇರುವುದಿಲ್ಲ. ಅಂಕಿಗಳು ಫ್ಯಾರನ್‌ಹೀಟ್‌ನಲ್ಲಿವೆ ಎಂದು ತಿಳಿಯಲು ಸಹಾಯಪುಟ ತೆರೆಯಬೇಕು. ಸೆಲ್ಸಿಯಸ್ಸಿಗೆ ಒಗ್ಗಿದ ವಿದ್ಯಾರ್ಥಿ 60 ಕಂಡು ತಬ್ಬಿಬ್ಬಾದರೆ ತಪ್ಪು ಅವರದಲ್ಲ.

ಅದೇ ಅಂಕಿಗಳಿಗೆ ಮಂತ್‌ಪ್ಲಾಟ್ ಆದೇಶ ಕೊಟ್ಟು ನೋಡಬೇಕು. ಜನವರಿಗಳೆಲ್ಲ ಒಂದು ಕಡೆ, ಫೆಬ್ರವರಿಗಳೆಲ್ಲ ಇನ್ನೊಂದು ಕಡೆ ಗುಂಪಾಗುತ್ತವೆ. ಒಂದೊಂದು ತಿಂಗಳಿಗೂ ಇಪ್ಪತ್ತು ವರ್ಷಗಳ ಪುಟ್ಟ ಗೆರೆ, ಸರಾಸರಿ ತೋರಿಸುವ ಅಡ್ಡಗೆರೆ. ಋತುವಿನ ಅಬ್ಬರ ಬದಿಗೆ ಸರಿದು ವರ್ಷದಿಂದ ವರ್ಷಕ್ಕಾದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಫೆಬ್ರವರಿಯ ಗೆರೆ ನಡುವೆ ಒಂದೆಡೆ ಧೊಪ್ಪನೆ ಕುಸಿದಿದೆ: 1929, 31.3 ಡಿಗ್ರಿ. ಇಡೀ ತಿಂಗಳ ಸರಾಸರಿಯೇ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ! ಯುರೋಪನ್ನೇ ನಡುಗಿಸಿದ ಚಳಿಗಾಲವದು. ಅಲೆಗಳ ನಕ್ಷೆಯಲ್ಲಿ ಮಾತ್ರ ಅದು ಹತ್ತರ ಜೊತೆ ಹನ್ನೊಂದು ಎಂಬಂತೆ, ತುಸು ಆಳವಾದ ಮತ್ತೊಂದು ತಗ್ಗು.

ಇನ್ನು ಎಸ್‌ಟಿಎಲ್. ರಾಬರ್ಟ್ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಈ ವಿಧಾನ ಸರಣಿಯನ್ನು ಋತು, ಪ್ರವೃತ್ತಿ, ಉಳಿಕೆ ಎಂದು ಬಿಡಿಸುತ್ತದೆ. ವಿಧಾನದ ಬಗ್ಗೆ ನನಗೆ ಗೌರವವಿದೆ, ತಕರಾರಿರುವುದು ಚಿತ್ರದ ಬಗ್ಗೆ. ಮೂಲ ಸರಣಿಯೂ ಸೇರಿ ಒಂದರ ಕೆಳಗೊಂದು ನಾಲ್ಕು ಚೌಕಟ್ಟು, ಪ್ರತಿಯೊಂದಕ್ಕೂ ತನ್ನದೇ ಅಳತೆ. ಋತುವಿನ ಏರಿಳಿತ ಇಪ್ಪತ್ತು ಡಿಗ್ರಿ ದಾಟುತ್ತದೆ, ಪ್ರವೃತ್ತಿಯದು ಕೆಲವೇ ಡಿಗ್ರಿ. ಆದರೂ ಚೌಕಟ್ಟಿನೊಳಗೆ ಎರಡೂ ಸಮಾನ ಎತ್ತರಕ್ಕೆ ಹಾರುತ್ತವೆ. ಈ ಭ್ರಮೆ ತಪ್ಪಿಸಲೆಂದೇ ಬಲತುದಿಯಲ್ಲಿ ಬೂದುಬಣ್ಣದ ಕಂಬಗಳಿವೆ. ನಾಲ್ಕೂ ಒಂದೇ ಪ್ರಮಾಣದ ಡಿಗ್ರಿಯನ್ನು ಸೂಚಿಸುತ್ತವೆ. ಕಂಬ ಎತ್ತರವಾದಷ್ಟೂ ಆ ಚೌಕಟ್ಟನ್ನು ಹೆಚ್ಚು ಹಿಗ್ಗಿಸಲಾಗಿದೆ ಎಂದರ್ಥ. ಜಾಣ ಉಪಾಯ, ಆದರೆ ಅದನ್ನು ವಿವರಿಸುವ ಒಂದು ಸಾಲೂ ಚಿತ್ರದಲ್ಲಿಲ್ಲ. ಪ್ರವೃತ್ತಿಯ ಚೌಕಟ್ಟನ್ನಷ್ಟೇ ಕತ್ತರಿಸಿ ವರದಿಗೆ ಅಂಟಿಸಿದರಂತೂ ಹೋಲಿಕೆಯ ಆಧಾರವೇ ತಪ್ಪಿಹೋಗುತ್ತದೆ. ಇಪ್ಪತ್ತೇ ವರ್ಷಗಳ ಆ ಗೆರೆ ಹವಾಮಾನ ಬದಲಾವಣೆಯ ಸಾಕ್ಷಿಯಂತೆ ಕಾಣತೊಡಗುತ್ತದೆ.

ಕಾಲಸರಣಿಯ ಪಾಠಗಳು ಅಲೆಗಳಿಂದ ಶುರುವಾಗುವ ಬದಲು ಮಂತ್‌ಪ್ಲಾಟ್‌ನಿಂದ ಶುರುವಾಗಲಿ. ಎಸ್‌ಟಿಎಲ್ ಆಮೇಲೆ ಬರಲಿ, ಅಕ್ಷದ ಮೇಲೆ ಮಾನ ಬರೆದು, ಆ ಬೂದು ಕಂಬಗಳ ಅರ್ಥವನ್ನು ಚಿತ್ರದ ಕೆಳಗೇ ಅಚ್ಚುಹಾಕಿ.